ವೆಟ್ಟಿ, ಜೀತ, ಕರಾರುಕೂಲಿಗಳ ಆಳ್ವಿಕೆಯನ್ನು ಉಪಕಾರವೆಂದು ಬಣ್ಣಿಸುವುದರ ವಿರುದ್ಧ ಖಂಡನಾ ಹೇಳಿಕೆ

ಪರವಾಡ: ವಿಶಾಖಪಟ್ಟಣ, ಪರವಾಡ ಮತ್ತು ವಿಜಯವಾಡಗಳಲ್ಲಿ ನೆಲೆಸಿ ದುಡಿಯುತ್ತಿರುವ ಕನ್ನಡಿಗರ ಈ ಸಂಘವು, ಬ್ರಿಟಿಷ್ ಸಾಮ್ರಾಜ್ಯದ ಆಳ್ವಿಕೆಯನ್ನು ಒಟ್ಟಾರೆ ಉಪಕಾರವೆಂದು ಬಣ್ಣಿಸುವ, ಗುಲಾಮಗಿರಿಯ ನಿರ್ಮೂಲನದ ಕೀರ್ತಿಯನ್ನು ಅದೇ ಸಾಮ್ರಾಜ್ಯದ ಮುಡಿಗೇರಿಸುವ, ರಸ್ತೆ, ರೈಲು, ಕಾಲುವೆಗಳ ಲೆಕ್ಕವನ್ನು ಮುಂದಿಟ್ಟು ಬಲವಂತದ ದುಡಿಮೆಯ ನೆನಪನ್ನು ಬದಿಗೆ ಸರಿಸುವ ಮಾತುಗಳನ್ನು ತನ್ನ ಸಮಸ್ತ ಸದಸ್ಯರ ಪರವಾಗಿ ಖಂಡಿಸುತ್ತದೆ. ಇಂಥ ಮಾತುಗಳು ಎಲ್ಲಿ, ಯಾವ ಸಂದರ್ಭದಲ್ಲಿ ಕೇಳಿಬರುತ್ತಿವೆ ಎಂಬುದು ಪತ್ರಿಕೆ ಓದುವ ಎಲ್ಲರಿಗೂ ತಿಳಿದಿರುವುದರಿಂದ ಅವನ್ನು ಇಲ್ಲಿ ಪುನರುಚ್ಚರಿಸುವುದು ಅನಗತ್ಯ. ವ್ಯಕ್ತಿಗಳನ್ನು ಹೆಸರಿಸಿ ದೂಷಿಸುವ ಉದ್ದೇಶವೂ ಸಂಘಕ್ಕಿಲ್ಲ. ಕನ್ನಡಿಗರ ಸಂಘವೊಂದು ತೆಲುಗು ನೆಲದ ಗಿರಿಜನರ ನೋವನ್ನು ತನ್ನದೆಂದು ಹೇಳಿಕೊಳ್ಳುವುದೇಕೆಂದು ಕೇಳುವವರಿಗೆ ಮಾತ್ರ ಉತ್ತರ ಕೊಡಬೇಕಾಗಿದೆ. ಬಳ್ಳಾರಿಯೂ ದಕ್ಷಿಣ ಕನ್ನಡವೂ ವಿಶಾಖಪಟ್ಟಣವೂ ಗೋದಾವರಿ, ಕೃಷ್ಣಾ ಜಿಲ್ಲೆಗಳೂ ಸುಮಾರು ಒಂದೂವರೆ ಶತಮಾನ ಸೇಂಟ್ ಜಾರ್ಜ್ ಕೋಟೆಯ ಒಂದೇ ಸರ್ಕಾರದ ಕೆಳಗಿದ್ದವು. ಒಂದೇ ಕಂದಾಯ ಮಂಡಳಿಯ ಆಜ್ಞೆಗಳು ನೇತ್ರಾವತಿಯ ದಂಡೆಗೂ ಶಾರದಾ ನದಿಯ ದಂಡೆಗೂ ತಲುಪುತ್ತಿದ್ದವು. ಕೊಡಗಿನ ಕಾಫಿ ತೋಟದ ಆಳಿಗೂ ಗೂಡೆಂ ಬೆಟ್ಟಗಳ ಬಗತ ಬುಡಕಟ್ಟಿನವನಿಗೂ ದುಡಿಮೆಯ ನೊಗವನ್ನು ತೊಡಿಸಿದ ಆಡಳಿತನೀತಿ ಒಂದೇ ಆಗಿತ್ತು. ಅನ್ನ ಕೊಟ್ಟ ನೆಲದ ಚರಿತ್ರೆಯನ್ನು ಬೇರೆಯವರ ಚರಿತ್ರೆಯೆಂದು ಭಾವಿಸಿ ಸುಮ್ಮನಿರುವುದು ಈ ಸಂಘಕ್ಕೆ ಸಾಧ್ಯವಿಲ್ಲ.

ಸಂಘದ ಆಕ್ಷೇಪ ಮೂಲತಃ ತತ್ತ್ವಕ್ಕೆ ಸಂಬಂಧಿಸಿದ್ದು. ಸಾಮ್ರಾಜ್ಯವು ಹೊರಡಿಸಿದ ಪ್ರತಿಯೊಂದು ವಿಮೋಚನಾ ಶಾಸನದ ಬೆನ್ನಿಗೂ ಒಂದು ವಿನಾಯಿತಿ ಇತ್ತು. ಆ ವಿನಾಯಿತಿ ಯಾವಾಗಲೂ ಆಳುಗಳ ಅಗತ್ಯ ಹೆಚ್ಚಾಗಿದ್ದ ಜಾಗಕ್ಕೇ ಅನ್ವಯಿಸುತ್ತಿತ್ತು. 1833ರ ಗುಲಾಮಗಿರಿ ನಿರ್ಮೂಲನ ಶಾಸನವನ್ನು ಮಾನವಕುಲದ ಮಹತ್ಸಾಧನೆಯೆಂದು ಹಾಡಿಹೊಗಳುವವರು, ಅದರ 64ನೆಯ ಕಲಮು ಈಸ್ಟ್ ಇಂಡಿಯಾ ಕಂಪನಿಯ ಸ್ವಾಧೀನದಲ್ಲಿದ್ದ ಪ್ರದೇಶಗಳನ್ನೂ ಸಿಂಹಳವನ್ನೂ ಸೇಂಟ್ ಹೆಲೀನಾ ದ್ವೀಪವನ್ನೂ ಶಾಸನದ ವ್ಯಾಪ್ತಿಯಿಂದ ಹೊರಗಿಟ್ಟಿತೆಂಬುದನ್ನು ಹೇಳುವುದಿಲ್ಲ. ಅದೇ ಶಾಸನದನ್ವಯ ನಿಗದಿಯಾದ 2 ಕೋಟಿ ಪೌಂಡುಗಳ ಪರಿಹಾರ ಸಂದದ್ದು ಗುಲಾಮರ ಒಡೆಯರಿಗೆ. ದುಡಿದು ಸವೆದವರಿಗೆ ಒಂದು ಪೆನ್ನಿಯೂ ಸಿಗಲಿಲ್ಲ. ಅದಕ್ಕಾಗಿ ಎತ್ತಿದ ಸಾಲದ ಬಾಕಿಯನ್ನು ಬ್ರಿಟಿಷ್ ಖಜಾನೆ ಪೂರ್ತಿಯಾಗಿ ತೀರಿಸಿದ್ದು 2015ರಲ್ಲಿ. ಹತ್ತು ವರ್ಷ ತಡವಾಗಿ ಭಾರತಕ್ಕೆ ಬಂದ 1843ರ 5ನೆಯ ಕಾಯ್ದೆಯಾದರೂ ನಾಲ್ಕೇ ಕಲಮುಗಳದ್ದು. ಕಂದಾಯದ ಬಾಕಿಗಾಗಿ ಸರ್ಕಾರಿ ಅಧಿಕಾರಿಗಳು ಮನುಷ್ಯರನ್ನು ಮಾರಕೂಡದೆಂದು ಅದರ ಮೊದಲ ಕಲಮು ವಿಧಿಸಿತು. ಹಾಗೆ ವಿಧಿಸಬೇಕಾಗಿ ಬಂದದ್ದೇ ಅದುವರೆಗೆ ಕಚೇರಿಗಳಲ್ಲಿ ಏನು ನಡೆಯಬಹುದಾಗಿತ್ತೆಂಬುದಕ್ಕೆ ಸಾಕ್ಷಿ. ಗುಲಾಮರ ಮೇಲಿನ ಒಡೆತನವನ್ನು ನ್ಯಾಯಾಲಯಗಳು ಎತ್ತಿಹಿಡಿಯಲಾರವೆಂದು ಹೇಳಿದ ಆ ಕಾಯ್ದೆ, ಒಡೆತನ ಚಲಾಯಿಸುವುದನ್ನು ಅಪರಾಧವೆಂದು ಹೇಳಲಿಲ್ಲ; ಆ ಮಾತು ಬರಲು 1860ರ ದಂಡಸಂಹಿತೆಯವರೆಗೆ ಕಾಯಬೇಕಾಯಿತು. 1800-01ರಲ್ಲಿ ತುಳುನಾಡನ್ನೂ ಮಲಬಾರನ್ನೂ ಸುತ್ತಿದ ಫ್ರಾನ್ಸಿಸ್ ಬುಕಾನನ್ ಅಲ್ಲಿ ಆಳುಗಳನ್ನು ಕೊಳ್ಳುವ, ಅಡವಿಡುವ, ಬಾಡಿಗೆಗೆ ಕೊಡುವ ಪದ್ಧತಿಗಳನ್ನು ಕಂಪನಿಗಾಗಿಯೇ ಬರೆದುಕೊಟ್ಟಿದ್ದನು. ಹೀಗಿರುವಾಗ ವಿಷಯ ಗೊತ್ತಿಲ್ಲದೆ ತಡವಾಯಿತೆಂಬ ಸಮರ್ಥನೆಗೆ ಆಧಾರವಿಲ್ಲ.

ಕೊಡಗಿನ ಉದಾಹರಣೆ ಕನ್ನಡಿಗರಿಗೆ ಇನ್ನಷ್ಟು ಹತ್ತಿರದ್ದು. 1834ರಲ್ಲಿ ಕೊಡಗನ್ನು ವಶಪಡಿಸಿಕೊಂಡ ಮೇಲೆ, ಮುಖ್ಯವಾಗಿ 1850ರ ದಶಕದಿಂದ, ಅಲ್ಲಿನ ಕಾಡುಗಳನ್ನು ಕಡಿದು ಎಬ್ಬಿಸಿದ ಕಾಫಿ ತೋಟಗಳಿಗೆ ಮೈಸೂರು ಸೀಮೆಯಿಂದಲೂ ಘಟ್ಟದ ಕೆಳಗಿನ ದಕ್ಷಿಣ ಕನ್ನಡದಿಂದಲೂ ಮೇಸ್ತ್ರಿಗಳು ಮುಂಗಡ ಕೊಟ್ಟು ಆಳುಗಳನ್ನು ಕರೆತಂದರು. ಮುಂಗಡ ಪಡೆದವನು ಕೆಲಸ ಬಿಟ್ಟರೆ ಅದು ದಿವಾಣಿ ವ್ಯಾಜ್ಯವಾಗಿ ಉಳಿಯುತ್ತಿರಲಿಲ್ಲ. 1859ರ 13ನೆಯ ಕಾಯ್ದೆಯ ಪ್ರಕಾರ ಮ್ಯಾಜಿಸ್ಟ್ರೇಟರು ಅವನನ್ನು ಮತ್ತೆ ಕೆಲಸಕ್ಕೆ ಹಚ್ಚಬಹುದಾಗಿತ್ತು; ಒಪ್ಪದಿದ್ದರೆ ಮೂರು ತಿಂಗಳವರೆಗೆ ಕಠಿಣ ಸಜೆ ವಿಧಿಸಬಹುದಾಗಿತ್ತು. ಮಾಲೀಕನು ಕೂಲಿ ಕೊಡದೆ ಮಾತು ತಪ್ಪಿದರೆ ಅವನಿಗೆ ಸಜೆಯಿಲ್ಲ. ಕೂಲಿಯವನು ಮಾತು ತಪ್ಪಿದರೆ ಸೆರೆಮನೆ. ಇಡೀ ದೇಶದಲ್ಲಿ ಈ ಕಾಯ್ದೆಯನ್ನು ರದ್ದುಪಡಿಸಿ, ಆ ರದ್ದತಿಯು 1926ರ ಏಪ್ರಿಲಿನಲ್ಲಿ ಜಾರಿಗೆ ಬಂದಾಗ, ಕೊಡಗಿಗಾಗಿ ಮಾತ್ರ ಅದೇ ವರ್ಷ ಪ್ರತ್ಯೇಕ ಕಾಯ್ದೆಯೊಂದನ್ನು ತಂದು ಆ ಸಜೆಯನ್ನು 1931ರವರೆಗೆ ಉಳಿಸಿಕೊಳ್ಳಲಾಯಿತು. ಬಲವಂತದ ದುಡಿಮೆಯ ವಿರುದ್ಧ ಜಿನೀವಾದಲ್ಲಿ ಅಂತರರಾಷ್ಟ್ರೀಯ ಒಡಂಬಡಿಕೆ ರೂಪುಗೊಂಡದ್ದು 1930ರಲ್ಲಿ. ಆ ಹೊತ್ತಿಗೂ ಮಡಿಕೇರಿಯ ಮ್ಯಾಜಿಸ್ಟ್ರೇಟರ ಕೈಯಲ್ಲಿ ಓಡಿಹೋದ ಆಳನ್ನು ಜೈಲಿಗೆ ಕಳಿಸುವ ಅಧಿಕಾರವಿತ್ತು. ದೇಶಕ್ಕೆಲ್ಲ ಅನ್ಯಾಯವೆನಿಸಿದ್ದು ಕಾಫಿ ತೋಟಗಳ ಮಟ್ಟಿಗೆ ಮಾತ್ರ ಇನ್ನೈದು ವರ್ಷ ನ್ಯಾಯವಾಗಿ ಉಳಿದದ್ದಕ್ಕೆ ತೋಟಗಾರರ ಹಿತದ ಹೊರತು ಬೇರೆ ಕಾರಣವನ್ನು ಈ ಸಂಘ ಕಾಣದು.

ಸಮುದ್ರದ ಆಚೆಗೂ ಇದೇ ನೀತಿ ಸಾಗಿತು. ಗುಲಾಮರು ಬಿಡುಗಡೆಯಾದ ತೋಟಗಳಿಗೂ ಹೊಸ ತೋಟಗಳಿಗೂ ಆಳುಗಳನ್ನು ಹೊಂದಿಸಲು ಮಾರಿಷಸ್‌ಗೆ 1834ರಿಂದಲೂ ನೇಟಾಲ್‌ಗೆ 1860ರಿಂದಲೂ ಫಿಜಿಗೆ 1879ರಿಂದಲೂ ಕರಾರುಕೂಲಿಗಳನ್ನು ಸಾಗಿಸಲಾಯಿತು. ಮಾರಿಷಸ್ಸೊಂದಕ್ಕೇ ನಾಲ್ಕೂವರೆ ಲಕ್ಷದಷ್ಟು ಜನ, ನೇಟಾಲ್‌ಗೆ ಒಂದೂವರೆ ಲಕ್ಷಕ್ಕೂ ಹೆಚ್ಚು, ಫಿಜಿಗೆ 60,000ಕ್ಕೂ ಮಿಕ್ಕಿ. ಗೋದಾವರಿಯ ಮುಖದಲ್ಲಿದ್ದ ಕೊರಂಗಿ ಬಂದರಿನಿಂದಲೂ ವಿಶಾಖಪಟ್ಟಣ, ಗಂಜಾಂ ಜಿಲ್ಲೆಗಳ ಹಳ್ಳಿಗಳಿಂದಲೂ ಹೋದ ತೆಲುಗರ ಸಂತತಿ ಇಂದಿಗೂ ಮಾರಿಷಸ್‌ನಲ್ಲಿ ಯುಗಾದಿಯನ್ನು ಸರ್ಕಾರಿ ರಜೆಯ ದಿನವಾಗಿ ಆಚರಿಸುತ್ತದೆ. 1860ರ ಅಕ್ಟೋಬರ್ 12ರಂದು ಮದರಾಸಿನಿಂದ ಹೊರಟು ನವೆಂಬರ್ 16ರಂದು ಡರ್ಬನ್ ಮುಟ್ಟಿದ ‘ಟ್ರೂರೋ’ ಹಡಗಿನಿಂದ ಮೊದಲುಗೊಂಡು ನೇಟಾಲ್‌ಗೆ ಹೋದ ಹಡಗುಗಳ ಪಟ್ಟಿಗಳು ಇಂದಿಗೂ ಉಳಿದಿವೆ. ಒಂದೊಂದು ಸಾಲಿನಲ್ಲೂ ಮೊದಲು ಒಂದು ಸಂಖ್ಯೆ. ಆಮೇಲೆ ಹೆಸರು, ತಂದೆಯ ಹೆಸರು, ವಯಸ್ಸು, ಜಾತಿ, ಜಿಲ್ಲೆ, ತಾಲ್ಲೂಕು, ಹಳ್ಳಿ. ಕೊನೆಯಲ್ಲಿ ಗುರುತಿಗಾಗಿ ಮೈಮೇಲಿನ ಮಚ್ಚೆಯೋ ಗಾಯದ ಕಲೆಯೋ. ಜಿಲ್ಲೆಯ ಅಂಕಣದಲ್ಲಿ ವಿಶಾಖಪಟ್ಟಣವೂ ಇದೆ, ಉತ್ತರ ಆರ್ಕಾಟೂ ಇದೆ, ಮೈಸೂರೂ ಇದೆ. ಐದು ವರ್ಷಗಳ ಕರಾರಿಗೆ ಹೆಬ್ಬೆಟ್ಟು ಒತ್ತಿದವನಿಗೆ ತೋಟ ಬಿಟ್ಟು ಹೋಗಲು ಚೀಟಿ ಬೇಕು. ಚೀಟಿಯಿಲ್ಲದೆ ಹೋದರೆ ಅಪರಾಧ. ಮಾರಿಷಸ್‌ನಲ್ಲಿ ಒಂದು ದಿನದ ಗೈರುಹಾಜರಿಗೆ ಎರಡು ದಿನದ ಕೂಲಿ ಕಡಿತವಾಗುತ್ತಿತ್ತು. ಹೆಬ್ಬೆಟ್ಟು ಒತ್ತಿದ್ದು ಸ್ವಂತ ಇಚ್ಛೆಯಿಂದಲ್ಲವೇ ಎಂಬ ವಾದವನ್ನು ಗೋಪಾಲಕೃಷ್ಣ ಗೋಖಲೆಯವರು 1912ರಲ್ಲಿ ಸಾಮ್ರಾಜ್ಯದ ಶಾಸನಸಭೆಯಲ್ಲೇ ತಳ್ಳಿಹಾಕಿ ಈ ಪದ್ಧತಿಯ ರದ್ದತಿಗೆ ನಿರ್ಣಯ ಮಂಡಿಸಿದರು. ಸಭೆಯಲ್ಲಿದ್ದ ಭಾರತೀಯ ಪ್ರತಿನಿಧಿಗಳ ಬೆಂಬಲವಿದ್ದರೂ ಸರ್ಕಾರ ಅದನ್ನು ಸೋಲಿಸಿತು. 1916ರಲ್ಲಿ ಮದನಮೋಹನ ಮಾಲವೀಯರು ಮತ್ತೆ ನಿರ್ಣಯ ತಂದ ಮೇಲೆ, 1917ರಲ್ಲಿ ಸಾಗಾಟ ನಿಂತಿತು. ಫಿಜಿಯಲ್ಲಿ ಉಳಿದಿದ್ದವರ ಕರಾರುಗಳು ರದ್ದಾದದ್ದು 1920ರ ಜನವರಿ 1ರಂದು. ಆಳುವವರು ಮನಸ್ಸು ಕರಗಿ ಕೊಟ್ಟ ವರವೆಂದು ಬಣ್ಣಿಸಲಾಗುವ ಈ ರದ್ದತಿಯನ್ನು, ವಾಸ್ತವದಲ್ಲಿ, ಆಳಿಸಿಕೊಂಡವರು ಕಸಿದುಕೊಳ್ಳಬೇಕಾಯಿತು.

ಆದರೆ ಈ ಸಂಘದ ಸದಸ್ಯರು ದಿನನಿತ್ಯ ಕಣ್ಣೆತ್ತಿ ನೋಡುವ ಪೂರ್ವಘಟ್ಟಗಳಲ್ಲಿ ನಡೆದದ್ದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಉಪಕಾರದ ವಾದ ಅತ್ಯಂತ ಸ್ಪಷ್ಟವಾಗಿ ಸುಳ್ಳಾಗುವುದು ಅಲ್ಲಿಯೇ. 1839ರ 24ನೆಯ ಕಾಯ್ದೆ ಗಂಜಾಂ ಮತ್ತು ವಿಶಾಖಪಟ್ಟಣದ ಬೆಟ್ಟಸೀಮೆಯನ್ನು ಸಾಮಾನ್ಯ ನ್ಯಾಯಾಲಯಗಳ ಅಧಿಕಾರದಿಂದ ಹೊರಗಿಟ್ಟು ಕಲೆಕ್ಟರನನ್ನೇ ಗವರ್ನರನ ಏಜೆಂಟನನ್ನಾಗಿ ನೇಮಿಸಿತು. ಗಿರಿಜನರ ರಕ್ಷಣೆಗೆಂದು ಹೇಳಲಾದ ಆ ಪ್ರತ್ಯೇಕತೆಯಲ್ಲಿ, ದೂರು ಕೊಡಬೇಕಾದ ಕಚೇರಿಯೂ ದೂರಿಗೆ ಕಾರಣವಾದ ಕಚೇರಿಯೂ ಒಂದೇ ಆಯಿತು. ಹಳ್ಳಿಗಳ ಗುಂಪನ್ನು ಮುಠಾ ಎಂದು, ಅದರ ಹೊಣೆಗಾರನನ್ನು ಮುಠಾದಾರನೆಂದು ಕರೆಯುತ್ತಿದ್ದರು. ಅಧಿಕಾರಿ ಬೆಟ್ಟ ಹತ್ತಿದರೆ ಅವನ ಡೇರೆ, ಮಂಚ, ಪೆಟ್ಟಿಗೆಗಳನ್ನು ಹೊತ್ತು ಒಂದು ಮುಠಾದಿಂದ ಇನ್ನೊಂದು ಮುಠಾದ ಗಡಿಯವರೆಗೆ ಮುಟ್ಟಿಸುವುದು, ಸೌದೆ, ಕೋಳಿ, ಅಕ್ಕಿ ಒದಗಿಸುವುದು ಊರಿನವರ ಪಾಲಿಗೆ ಬಿದ್ದ ವೆಟ್ಟಿ. ಬಿತ್ತನೆಯ ಹೊತ್ತಾಗಲಿ ಕೊಯ್ಲಿನ ಹೊತ್ತಾಗಲಿ, ಕರೆ ಬಂದರೆ ಹೊಲ ಬಿಟ್ಟು ಹೊರಡಬೇಕು. ಇದರ ಜೊತೆಗೆ ಗೋತಿ: ಮದುವೆಗೆಂದೋ ಕಾಳಿಗೆಂದೋ ಸಾಹುಕಾರನಿಂದ ಅಲ್ಪ ಹಣ ತಂದವನು ಆ ಸಾಲ ತೀರುವವರೆಗೆ ಸಾಹುಕಾರನ ಮನೆಯಾಳು; ದುಡಿದದ್ದು ಬಡ್ಡಿಗೆ ಸಂದು ಅಸಲು ಹಾಗೆಯೇ ಉಳಿಯುವುದರಿಂದ, ಅವನ ಕಾಲಾನಂತರ ಆ ಸಾಲ ತಮ್ಮನ ಅಥವಾ ಮಗನ ಹೆಗಲೇರುತ್ತಿತ್ತು. 1879ರಲ್ಲಿ ರಂಪ ಸೀಮೆ ಬಂಡೆದ್ದದ್ದು ಹೆಂಡದ ತೆರಿಗೆಯಿಂದಲೂ ಗುತ್ತಿಗೆದಾರರ ಸುಲಿಗೆಯಿಂದಲೂ ಬೇಸತ್ತು. 1882ರ ಮದರಾಸು ಅರಣ್ಯ ಕಾಯ್ದೆ ಕಾಡನ್ನು ಕಡಿದು ಸುಟ್ಟು ಮಾಡುವ ಪೋಡು ಬೇಸಾಯಕ್ಕೂ ಕಾಡಿನ ಬಳಕೆಗೂ ಬೇಲಿ ಹಾಕಿ ಕೂಲಿಯ ಹೊರತು ಬೇರೆ ದಾರಿಯಿಲ್ಲದಂತೆ ಮಾಡಿತು.

ನರಸೀಪಟ್ಟಣದಿಂದ ಘಟ್ಟವೇರಿ ಲಂಬಸಿಂಗಿಯ ಮೂಲಕ ಚಿಂತಪಲ್ಲಿಗೆ ಹೋಗುವ ರಸ್ತೆಯಲ್ಲಿ ಚಳಿಗಾಲದ ಮುಂಜಾನೆ ಮಂಜು ನೋಡಲು ಇಂದು ಸಾವಿರಾರು ಜನ ಪ್ರಯಾಣಿಸುತ್ತಾರೆ; ಈ ಸಂಘದ ಸದಸ್ಯರ ಕುಟುಂಬಗಳೂ ಅದರಲ್ಲಿ ಸೇರಿವೆ. 1920ರ ದಶಕದ ಆರಂಭದಲ್ಲಿ ಗೂಡೆಂನ ಉಪ ತಹಸೀಲ್ದಾರನಾಗಿದ್ದ ಬಾಸ್ಟಿಯನ್ ಈ ಬೆಟ್ಟಗಳಲ್ಲಿ ರಸ್ತೆ ಮಾಡಿಸಿದ್ದು ಗಿರಿಜನರನ್ನು ಹಿಡಿದುತಂದು, ನಿಗದಿಯಾದ ಕೂಲಿಯನ್ನೂ ಸರಿಯಾಗಿ ಕೊಡದೆ. ಬಟ್ಟಿಪನುಕುಲ ಎಂಬ ಹಳ್ಳಿಯ ಗಾಂ ಗಂಟಂದೊರ, ಗಾಂ ಮಲ್ಲುದೊರ ಸಹೋದರರು ಅವನ ಕೈಯಲ್ಲಿ ಹೊಲವನ್ನೂ ಸ್ಥಾನವನ್ನೂ ಕಳೆದುಕೊಂಡವರು. ಮೇಲಧಿಕಾರಿಗಳಿಗೆ ಸಲ್ಲಿಸಿದ ದೂರುಗಳಿಂದ ಏನೂ ಫಲವಾಗದೆ, 1922ರ ಆಗಸ್ಟ್ 22ರಂದು ಚಿಂತಪಲ್ಲಿ, ಮರುದಿನ ಕೃಷ್ಣದೇವಿಪೇಟ, ಅದರ ಮರುದಿನ ರಾಜವೊಮ್ಮಂಗಿ ಪೊಲೀಸ್ ಠಾಣೆಗಳ ಬಂದೂಕುಗಳನ್ನು ಬಂಡಾಯದ ನಾಯಕ ಅಲ್ಲೂರಿ ಸೀತಾರಾಮರಾಜು ಮತ್ತು ಈ ಸಹೋದರರ ಪಡೆ ಎತ್ತಿಕೊಂಡು ಹೋಯಿತು. ಈ ಬಂಡಾಯವನ್ನು ಅಡಗಿಸಲು ಮಲಬಾರಿನ ವಿಶೇಷ ಪೊಲೀಸರನ್ನೂ ಅಸ್ಸಾಂ ರೈಫಲ್ಸ್ ಪಡೆಯನ್ನೂ ಕರೆಸಿದ ಸರ್ಕಾರ, ಬಂಡಾಯಕ್ಕೆ ಕಾರಣವಾದ ವೆಟ್ಟಿಯನ್ನು ನಿಲ್ಲಿಸಲು ಅದರ ಒಂದಂಶ ಶ್ರಮವನ್ನೂ ಪಡಲಿಲ್ಲ. 1924ರ ಮೇ 7ರಂದು ಸೆರೆಸಿಕ್ಕ ಸೀತಾರಾಮರಾಜುವನ್ನು ಯಾವ ವಿಚಾರಣೆಯೂ ಇಲ್ಲದೆ ಕೊಯ್ಯೂರಿನಲ್ಲಿ ಗುಂಡಿಟ್ಟು ಕೊಲ್ಲಲಾಯಿತು. ಗಂಟಂದೊರ ಮರುತಿಂಗಳು ಹತರಾದರು. ಅಂಡಮಾನಿನ ಸೆರೆಯನ್ನು ಅನುಭವಿಸಿ ಬಂದ ಮಲ್ಲುದೊರ 1952ರಲ್ಲಿ ಮೊದಲ ಲೋಕಸಭೆಗೆ ಆಯ್ಕೆಯಾದರು. ಗೋತಿ ಪದ್ಧತಿಯನ್ನು ರದ್ದುಪಡಿಸುವ ಮದರಾಸು ಏಜೆನ್ಸಿ ಸಾಲಜೀತ ನಿರ್ಮೂಲನ ರೆಗ್ಯುಲೇಷನ್ ಬಂದದ್ದು 1940ರಲ್ಲಿ, ಅಂದರೆ 1843ರ ಕಾಯ್ದೆಯಿಂದ ತೊಂಬತ್ತೇಳು ವರ್ಷಗಳ ನಂತರ. ಮುಠಾದಾರಿಕೆ ಕೊನೆಗೊಂಡದ್ದು ಸ್ವತಂತ್ರ ಭಾರತದಲ್ಲಿ, 1969ರ ರೆಗ್ಯುಲೇಷನ್ನಿನಿಂದ. ಘಟ್ಟದ ಆ ರಸ್ತೆ ಇಂದಿಗೂ ಉಪಯೋಗಕ್ಕೆ ಬರುತ್ತಿದೆ ಎಂಬುದನ್ನು ಅದನ್ನು ಮಾಡಿಸಿದ ರೀತಿಗೆ ಸಮರ್ಥನೆಯಾಗಿ ಬಳಸುವುದು, ಕಲ್ಲು ಹೊತ್ತವರಿಗೆ ಎರಡನೆಯ ಬಾರಿ ಮಾಡುವ ಅನ್ಯಾಯವೆಂದು ಈ ಸಂಘ ಪರಿಗಣಿಸುತ್ತದೆ.

ಕಾಲುವೆಗಳ ಮಾತನ್ನೂ ಸಂಘ ತಪ್ಪಿಸಿಕೊಳ್ಳುವುದಿಲ್ಲ. ದವಳೇಶ್ವರದ ಅಣೆಕಟ್ಟಿಗಾಗಿ ಸರ್ ಆರ್ಥರ್ ಕಾಟನ್ನರನ್ನು ಗೋದಾವರಿ ಸೀಮೆಯ ರೈತರು ಇಂದಿಗೂ ಭಕ್ತಿಯಿಂದ ನೆನೆಯುತ್ತಾರೆ. ವಿಜಯವಾಡದಲ್ಲಿ 1850ರ ದಶಕದಲ್ಲಿ ಕೃಷ್ಣೆಗೆ ಕಟ್ಟಿದ ಅಣೆಕಟ್ಟಿನಿಂದ ಬೆಳೆದ ಬತ್ತವನ್ನು ಅಲ್ಲಗಳೆಯುವವರು ಯಾರೂ ಇಲ್ಲ. ಆ ಕೃತಜ್ಞತೆಯನ್ನು ಈ ಸಂಘ ಗೌರವಿಸುತ್ತದೆ; ಒಬ್ಬ ಎಂಜಿನಿಯರನ ನಿಷ್ಠೆಯನ್ನು ಇಡೀ ಸಾಮ್ರಾಜ್ಯದ ಖಾತೆಗೆ ಜಮೆ ಮಾಡುವುದನ್ನು ಮಾತ್ರ ಒಪ್ಪುವುದಿಲ್ಲ. ನೀರಾವರಿಯನ್ನು ಕಡೆಗಣಿಸಿ ರೈಲುಗಳಿಗೆ ಹಣ ಸುರಿದ ಸರ್ಕಾರವನ್ನು ಕಟುವಾಗಿ ಟೀಕಿಸಿದವರಲ್ಲಿ ಕಾಟನ್ನರೇ ಮುಂದಿನ ಸಾಲಿನವರು. ಆ ಟೀಕೆ ಎಷ್ಟು ಸರಿಯಾಗಿತ್ತೆಂಬುದು 1876ರಿಂದ 78ರವರೆಗಿನ ಬರಗಾಲದಲ್ಲಿ ಬಳ್ಳಾರಿ, ಅನಂತಪುರ, ಕರ್ನೂಲು, ಕಡಪಗಳಲ್ಲೂ ಮೈಸೂರಿನಲ್ಲೂ ಕಂಡುಬಂತು. 1871ರ ಜನಗಣತಿಯಲ್ಲಿ 50 ಲಕ್ಷಕ್ಕೂ ಹೆಚ್ಚಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೂ ಕೆಳಗಿಳಿದಿತ್ತು. ಆಗ ಮೈಸೂರನ್ನು ಆಳುತ್ತಿದ್ದದ್ದು ಅರಮನೆಯಲ್ಲ, ಬ್ರಿಟಿಷ್ ಕಮಿಷನರು. ದೆಹಲಿಯಲ್ಲಿ ವೈಸರಾಯ್ ಲಾರ್ಡ್ ಲಿಟ್ಟನ್ 1877ರ ಜನವರಿ 1ರಂದು ವಿಕ್ಟೋರಿಯಾ ರಾಣಿಯನ್ನು ಭಾರತದ ಚಕ್ರವರ್ತಿನಿಯೆಂದು ಘೋಷಿಸುವ ದರ್ಬಾರು ನಡೆಸಿದ ತಿಂಗಳಲ್ಲೇ, ಸರ್ಕಾರದ ಪ್ರತಿನಿಧಿಯಾಗಿ ಮದರಾಸಿಗೆ ಬಂದ ಸರ್ ರಿಚರ್ಡ್ ಟೆಂಪಲ್ ಬರಪರಿಹಾರದ ಕೆಲಸಕ್ಕೆ ಬಂದವರ ಕೂಲಿಯನ್ನು ದಿನಕ್ಕೆ ಒಂದು ಪೌಂಡು ಧಾನ್ಯ ಮತ್ತು ಚಿಲ್ಲರೆ ಕಾಸಿಗೆ ಇಳಿಸಿದನು. ಹೊಟ್ಟೆಗೆ ಸಾಲದೆ ಎಲುಬು ಕಾಣುತ್ತಿದ್ದ ಜನರಿಂದ ಆ ಕೂಲಿಗೆ ದಿನವಿಡೀ ಮಣ್ಣು ಹೊರಿಸಬಾರದೆಂದು ಮದರಾಸಿನ ನೈರ್ಮಲ್ಯ ಕಮಿಷನರ್ ಡಾ. ಕಾರ್ನಿಷ್ ಸರ್ಕಾರದೊಳಗಿಂದಲೇ ಪ್ರತಿಭಟಿಸಿದರು. ಕೆಲವು ತಿಂಗಳ ನಂತರ ಕೂಲಿಯನ್ನು ಏರಿಸಬೇಕಾಯಿತು. ಮದರಾಸಿನಲ್ಲಿ ಅಡ್ಯಾರ್ ಮತ್ತು ಕೂವಂ ನದಿಗಳನ್ನು ಜೋಡಿಸುವ ಕಾಲುವೆಯ ಭಾಗವನ್ನು ಅಗೆದದ್ದು ಆ ಬರಗಾಲದ ಕೈಗಳೇ; ಕೃಷ್ಣಾ ಮುಖಜಭೂಮಿಯ ಕಾಲುವೆಗಳ ಜೊತೆ ಸೇರುವ ಆ ಜಲಮಾರ್ಗಕ್ಕೆ ಇಟ್ಟದ್ದು ಮಾತ್ರ ಅಂದಿನ ಗವರ್ನರ್ ಬಕಿಂಗ್‌ಹ್ಯಾಮ್ ಡ್ಯೂಕನ ಹೆಸರು. ಕಾರ್ನಿಷ್ ಮತ್ತು ಕಾಟನ್ ಇಬ್ಬರೂ ಇಂಗ್ಲಿಷರು. ಅಂದಿನ ಕಾಲಕ್ಕೆ ಅದು ಸರಿಯೆನಿಸಿತ್ತು, ಇಂದಿನ ಅಳತೆಗೋಲಿನಿಂದ ಅಳೆಯಬಾರದು ಎಂಬ ಸಮಾಧಾನಕ್ಕೆ ಅಂದಿನವರೇ ಕೊಟ್ಟ ಉತ್ತರ ಅವರ ಬರಹಗಳಲ್ಲಿದೆ.

ಪರಕೀಯರನ್ನು ಖಂಡಿಸುವ ಈ ಹೇಳಿಕೆಯನ್ನು ನಮ್ಮವರು ತಮ್ಮ ನಿರ್ದೋಷಿತ್ವದ ಪತ್ರವಾಗಿ ಬಳಸಿಕೊಳ್ಳಬಾರದೆಂದು ಸಂಘ ಬಯಸುತ್ತದೆ. ತುಳುನಾಡಿನ ಮೂಲದಾಳುಗಳನ್ನು ಕಂಪನಿ ಸೃಷ್ಟಿಸಲಿಲ್ಲ; ಹಳೆ ಮೈಸೂರಿನ ಜೀತದ ಮನೆಗಳಲ್ಲಿ ಒಡೆಯರಾಗಿದ್ದವರು ಕನ್ನಡಿಗರೇ; ಗೋತಿಯ ಸಾಹುಕಾರರು ಬಯಲುಸೀಮೆಯಿಂದ ಬೆಟ್ಟಕ್ಕೆ ಹೋದ ನಮ್ಮಂಥ ಹೊರಗಿನವರೇ. ಜಾತಿಯ ಬಲದಿಂದ ನಡೆಯುತ್ತಿದ್ದ ದಾಸ್ಯಕ್ಕೆ ಸಾಮ್ರಾಜ್ಯವು ಕಾಗದ, ಮುದ್ರೆ, ಮ್ಯಾಜಿಸ್ಟ್ರೇಟು, ಸೆರೆಮನೆಗಳ ಬಲವನ್ನು ಕೂಡಿಸಿತು. ಕೂಡಿಸಿದವರ ಪಾಪದ ಜೊತೆಗೆ ಮೊದಲೇ ಇಟ್ಟುಕೊಂಡಿದ್ದವರ ಪಾಪವನ್ನೂ ಹೇಳದೆ ಹೋದರೆ, ಎರಡೂ ಕಡೆಯಿಂದ ಹೊಡೆತ ತಿಂದ ಸಮುದಾಯಗಳ ಮುಂದೆ ಈ ಸಂಘಕ್ಕೆ ಮುಖವಿರುವುದಿಲ್ಲ. 1950ರ ಜನವರಿ 26ರಿಂದ ಸಂವಿಧಾನದ 23ನೆಯ ಅನುಚ್ಛೇದ ಬಿಟ್ಟಿ ಚಾಕರಿಯನ್ನೂ ಬಲವಂತದ ದುಡಿಮೆಯನ್ನೂ ನಿಷೇಧಿಸಿದಾಗ ಅದು ಸರ್ಕಾರವನ್ನಷ್ಟೇ ಅಲ್ಲದೆ ಒಡೆಯರಾಗಿದ್ದ ಪ್ರತಿಯೊಬ್ಬ ಖಾಸಗಿ ವ್ಯಕ್ತಿಯನ್ನೂ ಬಂಧಿಸಿತು. ಅದರ ಅರ್ಥವನ್ನು ಸರ್ವೋಚ್ಚ ನ್ಯಾಯಾಲಯ 1982ರಲ್ಲಿ, ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಾಮಗಾರಿಗಳಲ್ಲಿ ದುಡಿಯುತ್ತಿದ್ದವರ ಪ್ರಕರಣದಲ್ಲಿ ಬಿಡಿಸಿಹೇಳಿತು: ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸುವುದೂ ಬಲವಂತದ ದುಡಿಮೆಯೇ, ಹಸಿವಿನ ಒತ್ತಡವೂ ಒತ್ತಡವೇ. ಟೆಂಪಲನ ಕೂಲಿಗೂ ಬಾಸ್ಟಿಯನ್ನನ ಕೂಲಿಗೂ ನೂರು ವರ್ಷ, ಅರವತ್ತು ವರ್ಷಗಳ ನಂತರ ಬಂದ ತೀರ್ಪು ಅದೆಂದೇ ಈ ಸಂಘ ಓದುತ್ತದೆ.

ಆ ತೀರ್ಪಿನ ಬೆಳಕಿನಲ್ಲಿ ಇಂದಿನ ಸ್ಥಿತಿಯನ್ನು ನೋಡುವಾಗ, ವಿನಾಯಿತಿಯ ಹಳೆಯ ಚಾಳಿ ಸ್ವತಂತ್ರ ದೇಶದ ಕಾನೂನುಗಳಲ್ಲೂ ಮರಳಿ ತಲೆಯೆತ್ತುತ್ತಿರುವುದು ಸಂಘಕ್ಕೆ ಅತೀವ ಕಳವಳವನ್ನುಂಟುಮಾಡಿದೆ. 1975ರ ಅಕ್ಟೋಬರ್ 25ರಿಂದ ಅನ್ವಯವಾಗುವಂತೆ ಬಂದ ಜೀತ ಪದ್ಧತಿ ನಿರ್ಮೂಲನ ಕಾಯ್ದೆ ಸಾಲವನ್ನೂ ಜೀತವನ್ನೂ ಒಂದೇ ಏಟಿಗೆ ಅಳಿಸಿಹಾಕಿತು. ಜಿಲ್ಲೆಗೂ ಉಪವಿಭಾಗಕ್ಕೂ ಜಾಗೃತಿ ಸಮಿತಿಗಳಿರಬೇಕೆಂದು ವಿಧಿಸಿತು. ದೇವರಾಜ ಅರಸರ ಕಾಲದಲ್ಲಿ ಕರ್ನಾಟಕದ ಹಳ್ಳಿಗಳಲ್ಲಿ ಜೀತವಿಮುಕ್ತಿಯ ಪತ್ರ ಹಿಡಿದು ಮನೆಗೆ ನಡೆದವರನ್ನು ಕಣ್ಣಾರೆ ಕಂಡ ಹಿರಿಯರು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ. ಆದರೆ 2016ರ ಕೇಂದ್ರದ ಪುನರ್ವಸತಿ ಯೋಜನೆ, ಬಿಡುಗಡೆಯಾದವರಿಗೆ 1 ಲಕ್ಷದಿಂದ 3 ಲಕ್ಷ ರೂಪಾಯಿಗಳವರೆಗೆ ನೆರವು ಘೋಷಿಸಿ, ತಕ್ಷಣದ ಅಲ್ಪ ಮೊತ್ತವೊಂದನ್ನು ಬಿಟ್ಟು ಉಳಿದದ್ದನ್ನು ಒಡೆಯನಿಗೆ ಶಿಕ್ಷೆಯಾಗುವುದಕ್ಕೆ ಗಂಟುಹಾಕಿತು. ಮೊಕದ್ದಮೆ ವರ್ಷಗಟ್ಟಲೆ ನಡೆಯುವಾಗ ಬಿಡುಗಡೆಯಾದವನು ಮತ್ತೆ ಮುಂಗಡ ಪಡೆಯದೆ ಬದುಕುವುದು ಹೇಗೆ? ಹೊರರಾಜ್ಯಗಳಿಂದ ಗುತ್ತಿಗೆದಾರರು ಕರೆತರುವ ಕಾರ್ಮಿಕರಿಗಾಗಿ 1979ರಲ್ಲಿ ಬಂದ ಕಾಯ್ದೆ ಐವರಿದ್ದರೂ ಅನ್ವಯವಾಗುತ್ತಿತ್ತು. 2020ರ ಕಾರ್ಮಿಕ ಸಂಹಿತೆ ಆ ಸಂಖ್ಯೆಯನ್ನು ಹತ್ತಕ್ಕೆ ಏರಿಸಿತು. ಐದರಿಂದ ಒಂಬತ್ತರವರೆಗಿನವರು ಯಾವ ಕಾರಣಕ್ಕಾಗಿ ರಕ್ಷಣೆಗೆ ಅನರ್ಹರೆಂಬುದನ್ನು ಯಾರೂ ವಿವರಿಸಿಲ್ಲ. ಪರವಾಡದ ಕೈಗಾರಿಕಾ ಪ್ರದೇಶದ ಸುತ್ತ, ದೂರದ ರಾಜ್ಯಗಳಿಂದ ಬಂದು, ಇಲ್ಲಿನ ಭಾಷೆ ತಿಳಿಯದೆ, ಗುತ್ತಿಗೆದಾರನ ಮಾತನ್ನೇ ಕಾನೂನೆಂದು ನಂಬಿ ದುಡಿಯುವವರ ನಡುವೆ ನಮ್ಮ ಸದಸ್ಯರು ಬಾಳುತ್ತಿದ್ದಾರೆ. ಹೊರಗಿನಿಂದ ಬಂದು ಬಾಳುವುದೇನೆಂಬುದು ನಮಗೆ ಗೊತ್ತು. ಓದು, ಉದ್ಯೋಗಪತ್ರ, ಸಂಘದ ಆಸರೆ ನಮಗಿವೆ, ಅವರಿಗಿಲ್ಲ. ಯಾವ ಸಂಸ್ಥೆಯ ಮೇಲೂ ಸಂಘ ಆರೋಪ ಹೊರಿಸುತ್ತಿಲ್ಲ. ಮುಂಗಡದ ಲೆಕ್ಕ, ಕೂಲಿಯ ರಸೀದಿ, ಗುರುತಿನ ಚೀಟಿ ಇವುಗಳನ್ನು ಕಾರ್ಮಿಕನ ಕೈಯಲ್ಲೇ ಇರಿಸಬೇಕೆಂಬ ಸರಳ ನಿಯಮದ ಪಾಲನೆಯನ್ನು ಅಧಿಕಾರಿಗಳು ಖುದ್ದಾಗಿ ಪರಿಶೀಲಿಸಬೇಕೆಂದು ಕೇಳುತ್ತದೆ.

ಈ ಹಿನ್ನೆಲೆಯಲ್ಲಿ ಸಂಘವು ಸಂಬಂಧಪಟ್ಟ ಸರ್ಕಾರಗಳ ಗಮನಕ್ಕೆ ಕೆಲವು ಒತ್ತಾಯಗಳನ್ನು ತರಬಯಸುತ್ತದೆ. 2022ರ ಏಪ್ರಿಲ್ 4ರಂದು ಪಾಡೇರನ್ನು ಕೇಂದ್ರವಾಗಿಟ್ಟುಕೊಂಡು ಸೀತಾರಾಮರಾಜು ಅವರ ಹೆಸರಿನ ಜಿಲ್ಲೆಯನ್ನೇ ರಚಿಸಿದ ಆಂಧ್ರಪ್ರದೇಶ ಸರ್ಕಾರವು, ಲಂಬಸಿಂಗಿಯ ಬಳಿ ಬುಡಕಟ್ಟು ಸ್ವಾತಂತ್ರ್ಯ ಹೋರಾಟಗಾರರಿಗಾಗಿ ಯೋಜಿಸಿರುವ ವಸ್ತುಸಂಗ್ರಹಾಲಯದಲ್ಲಿ ಬಿಲ್ಲು, ಬಾಣ, ಪ್ರತಿಮೆಗಳ ಜೊತೆಗೆ ವೆಟ್ಟಿ ಮತ್ತು ಗೋತಿಗಳ ದಾಖಲೆಗಳಿಗೂ, ರಸ್ತೆಯ ಕೆಲಸಕ್ಕೆ ಹೋದ ಹಳ್ಳಿಗಳ ಹೆಸರುಗಳಿಗೂ ಸ್ಥಾನ ಕೊಡಬೇಕು. ವೀರನೊಬ್ಬನನ್ನು ಪೂಜಿಸಿ ಅವನು ಯಾವುದರ ವಿರುದ್ಧ ಎದ್ದುನಿಂತನೆಂಬುದನ್ನು ಮರೆಸುವ ಸ್ಮಾರಕ ಅರೆಬರೆಯದು. ಕರ್ನಾಟಕ ಸರ್ಕಾರವು ಕೊಡಗಿನ 1926ರ ಕಾಯ್ದೆಯನ್ವಯ ನಡೆದ ಮೊಕದ್ದಮೆಗಳ ಕಡತಗಳನ್ನು ಹುಡುಕಿಸಿ, ರಾಜ್ಯ ಪತ್ರಾಗಾರದ ಮೂಲಕ ಸಂಶೋಧಕರಿಗೆ ತೆರೆದಿಡಬೇಕು. ಗುಲಾಮಗಿರಿ ಮತ್ತು ಕರಾರುಕೂಲಿಗಳೆರಡರ ಪರಿಣಾಮಗಳನ್ನು ಪರಿಶೀಲಿಸಲು ಮಾರಿಷಸ್ 2009ರಲ್ಲಿ ಸತ್ಯ ಮತ್ತು ನ್ಯಾಯ ಆಯೋಗವನ್ನು ನೇಮಿಸಿ 2011ರಲ್ಲಿ ಅದರ ವರದಿಯನ್ನು ಪಡೆದ ನಿದರ್ಶನ ನಮ್ಮ ಮುಂದಿದೆ. ಜನರನ್ನು ಬರಮಾಡಿಕೊಂಡ ಪುಟ್ಟ ದ್ವೀಪರಾಷ್ಟ್ರ ಮಾಡಿದ ಕೆಲಸವನ್ನು ಜನರನ್ನು ಕಳೆದುಕೊಂಡ ದೇಶವೂ ಮಾಡಬೇಕೆಂದು ಕೇಂದ್ರ ಸರ್ಕಾರವನ್ನು ಸಂಘ ಒತ್ತಾಯಿಸುತ್ತದೆ. ಬ್ರಿಟಿಷ್ ಸರ್ಕಾರವು ಕೀನ್ಯಾದ ಮಾವ್ ಮಾವ್ ಬಂಡಾಯದ ಕಾಲದಲ್ಲಿ ಹಿಂಸೆಗೊಳಗಾದ 5,000ಕ್ಕೂ ಹೆಚ್ಚು ಜನರ ವಿಷಯದಲ್ಲಿ 2013ರಲ್ಲಿ ಸಂಸತ್ತಿನಲ್ಲೇ ವಿಷಾದ ವ್ಯಕ್ತಪಡಿಸಿ ಪರಿಹಾರ ಕೊಟ್ಟಿದೆ. ಅದೇ ಔಪಚಾರಿಕತೆಯಿಂದ, ಅದೇ ಸಂಸತ್ತಿನಲ್ಲಿ, ಕರಾರುಕೂಲಿ ಮತ್ತು ವೆಟ್ಟಿಗಳ ಕುರಿತು ಅದು ತನ್ನ ಹೊಣೆಯನ್ನು ಒಪ್ಪಿಕೊಳ್ಳಬೇಕು. ಪಠ್ಯಪುಸ್ತಕ ಮಂಡಳಿಗಳು 1833 ಮತ್ತು 1843ರ ಶಾಸನಗಳನ್ನು ಕಲಿಸುವಾಗ ಅವುಗಳ ವಿನಾಯಿತಿಗಳನ್ನೂ ಅದೇ ಪುಟದಲ್ಲಿ ಕಲಿಸಬೇಕು.

ಈ ಹೇಳಿಕೆಯನ್ನು ಸಂಘದ ಸರ್ವಸದಸ್ಯರ ಸಭೆ ಸರ್ವಾನುಮತದಿಂದ ಅಂಗೀಕರಿಸಿದೆ. ಇದರ ಪ್ರತಿಗಳನ್ನು ಆಂಧ್ರಪ್ರದೇಶ ಮತ್ತು ಕರ್ನಾಟಕದ ಮುಖ್ಯಮಂತ್ರಿಗಳಿಗೆ, ಕೇಂದ್ರ ಕಾರ್ಮಿಕ ಹಾಗೂ ಬುಡಕಟ್ಟು ವ್ಯವಹಾರಗಳ ಸಚಿವಾಲಯಗಳಿಗೆ, ಅನಕಾಪಲ್ಲಿ, ವಿಶಾಖಪಟ್ಟಣ ಮತ್ತು ಅಲ್ಲೂರಿ ಸೀತಾರಾಮರಾಜು ಜಿಲ್ಲೆಗಳ ಕಲೆಕ್ಟರುಗಳಿಗೆ, ಹೊಸದೆಹಲಿಯ ಬ್ರಿಟಿಷ್ ಹೈಕಮಿಷನ್ನಿಗೆ ಕಳುಹಿಸಲಾಗುತ್ತಿದೆ. ಹೊರರಾಜ್ಯದ ಕಾರ್ಮಿಕರು ತಮ್ಮ ಮುಂಗಡ ಮತ್ತು ಕೂಲಿಯ ಲೆಕ್ಕವನ್ನು ಓದಿಸಿಕೊಳ್ಳಲು, ಕಾರ್ಮಿಕ ಇಲಾಖೆಗೆ ಅರ್ಜಿ ಬರೆಸಿಕೊಳ್ಳಲು ಪ್ರತಿ ಭಾನುವಾರ ಬೆಳಿಗ್ಗೆ ಸಂಘದ ಕಚೇರಿಗೆ ಬರಬಹುದೆಂದೂ, ತೆಲುಗು, ಹಿಂದಿ, ಒಡಿಯಾ ಬಲ್ಲ ಸದಸ್ಯರು ಅಲ್ಲಿ ಲಭ್ಯರಿರುತ್ತಾರೆಂದೂ ಸಭೆ ನಿರ್ಣಯಿಸಿದೆ.

ಅಧ್ಯಕ್ಷರು, ಕಾರ್ಯದರ್ಶಿ ಮತ್ತು ಸದಸ್ಯರು